ಮಸ್ಟ್ಯಾಂಗ್ ಮಾರಾಟದ ಮುಹೂರ್ತ

“ಈ ಸಲ ಸ್ನೋ ಬೀಳೋದ್ರೊಳಗೆ ನನ್ನ ಕಾರು ಗರಾಜಲ್ಲಿ ನಿಂತಿರ್ಬೇಕು. ಇಲ್ಲಾಂದ್ರೆ ಈ ಮನೇಲಿ ನಾನು ನಿಲ್ಲಲ್ಲ!”

ರಾಜಲಕ್ಷ್ಮಿಯವರು ಈ ಘೋಷಣೆಯನ್ನು ಆಗಸ್ಟ್ ತಿಂಗಳ ಸುಡುಬಿಸಿಲಿನಲ್ಲಿ, ಐಸ್ ಕೆರೆಯುವ ಬ್ರಷ್ಷನ್ನು ಗದೆಯಂತೆ ಹಿಡಿದು ಹೊರಡಿಸಿದರು. ಸಿಟ್ಟಿನಲ್ಲಿ ನ್ಯಾಯವಿತ್ತು. ಟೊರಾಂಟೊ ಪಕ್ಕದ ಓಕ್‌ವಿಲ್‌ನ ಆ ಮನೆಗೆ ಇದ್ದದ್ದು ಒಂದೇ ಕಾರು ಹಿಡಿಸುವ ಗರಾಜು. ಅದರೊಳಗೆ ೧೯೬೯ನೇ ಮಾಡೆಲಿನ ಮಸ್ಟ್ಯಾಂಗ್ ಮಹಾರಾಣಿಯಂತೆ ಬೆಚ್ಚಗೆ ಹೊದ್ದು ಮಲಗಿತ್ತು. ರಾಜಲಕ್ಷ್ಮಿಯವರ ಕೊರೊಲಾ ಮಾತ್ರ ವರ್ಷವಿಡೀ ಹೊರಗೆ. ಚಳಿಗಾಲ ಬಂತೆಂದರೆ ಅವರು ಬೆಳಿಗ್ಗೆ ಎದ್ದು ಗಾಜಿನ ಮೇಲಿನ ಐಸ್ ಕೆರೆಯುತ್ತ ಗಂಡನ ವಂಶಾವಳಿಯನ್ನು ಮೂರು ತಲೆಮಾರಿನವರೆಗೆ ಸ್ಮರಿಸುತ್ತಿದ್ದರು.

ಗಂಡ ಸತ್ಯಪ್ರಕಾಶರು ನಿವೃತ್ತ ಎಂಜಿನಿಯರು. ಯಾವನೋ ರೈತನ ಕೊಟ್ಟಿಗೆಯಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಆ ತುಕ್ಕಿನ ಅಸ್ಥಿಪಂಜರವನ್ನು ಮನೆಗೆ ತಂದು, ವರ್ಷಗಟ್ಟಲೆ ಉಜ್ಜಿ, ಬೆಸೆದು, ಬಣ್ಣ ಬಳಿದು ಜೀರ್ಣೋದ್ಧಾರ ಮಾಡಿದ್ದರು. ಕಡುನೀಲಿ ಮೈ, ಮೇಲೆ ಜೋಡಿ ಬಿಳಿ ಪಟ್ಟೆ. ಕೀಲಿ ತಿರುಗಿಸಿದರೆ ಎಂಜಿನ್ನಿನ ಹೂಂಕಾರಕ್ಕೆ ಪಕ್ಕದ ಮನೆಯ ನಾಯಿ ಸೋಫಾದ ಕೆಳಗೆ ಸೇರುತ್ತಿತ್ತು. ಇಷ್ಟೆಲ್ಲ ಮಾಡಿ ಅವರು ಓಡಿಸುತ್ತಿದ್ದರೋ ಎಂದರೆ, ಬೀದಿಯ ತಿರುವಿನವರೆಗೆ ಮಾತ್ರ. (ಅದರಾಚೆ ಹೋದರೆ ಕಾರಿಗೆ ಧೂಳು ಕೂರುತ್ತದಂತೆ.) ಹೆಂಡತಿಗಂತೂ ಮುಟ್ಟುವ ಅಧಿಕಾರವೂ ಇರಲಿಲ್ಲ, ಬಳೆ ತಾಗಿ ಗೀರು ಬಿದ್ದರೆ?

ಆದರೆ ಗದೆಯ ಮುಂದೆ ಯಾರ ಆಟ ನಡೆದೀತು? “ಆಯ್ತು, ಮಾರ್ತೀನಿ,” ಎಂದು ಸತ್ಯಪ್ರಕಾಶರು ಒಪ್ಪಿ, ಅದೇ ದಿನ ಇಂಟರ್ನೆಟ್ಟಿನಲ್ಲಿ ಜಾಹೀರಾತು ಹಾಕಿದರು. ಹಾಕಿ, ಗರಾಜಿಗೆ ಹೋಗಿ, ಕಾರಿನ ಬಾನೆಟ್ಟಿಗೆ ಕೆನ್ನೆಯಿಟ್ಟು ಅತ್ತರು. ಅಳುವಾಗಲೇ ಅವರಿಗೊಂದು ಅಮೋಘ ಉಪಾಯ ಹೊಳೆಯಿತು. ಮಾರುವುದಿಲ್ಲ ಎಂದು ಹೇಳಬಾರದು. ಮಾರುವ ಗಳಿಗೆ ಕೂಡಿ ಬರಬಾರದು, ಅಷ್ಟೆ.

ಮೊದಲ ಗಿರಾಕಿ ಬ್ರ್ಯಾಂಪ್ಟನ್‌ನ ಕುನಾಲ್. ಟ್ರಕ್ಕುಗಳ ಕಂಪನಿ ಇಟ್ಟುಕೊಂಡ ಹುರುಪಿನ ಮನುಷ್ಯ. ಭಾನುವಾರ ಮಧ್ಯಾಹ್ನ ಬಂದವನೇ ಕಾರನ್ನು ಮೂರು ಪ್ರದಕ್ಷಿಣೆ ಹಾಕಿ, “ಅಂಕಲ್‌ಜೀ, ಡನ್! ಇವತ್ತೇ ತೊಗೊಂಡು ಹೋಗ್ತೀನಿ,” ಎಂದು ಇಂಗ್ಲಿಷಿನಲ್ಲಿ ಕುಣಿದ.

“ಸಾರಿ, ಈಗ ಗುಳಿಕಕಾಲ,” ಎಂದರು ಸತ್ಯಪ್ರಕಾಶರು ಗಂಭೀರವಾಗಿ. “ಗುಳಿಕದಲ್ಲಿ ಮಾಡಿದ ಕೆಲಸ ಮತ್ತೆ ಮತ್ತೆ ಮಾಡಬೇಕಾಗುತ್ತೆ.”

“ಅಚ್ಛಾ ಹೈ ಅಂಕಲ್‌ಜೀ! ನೀವು ಮತ್ತೆ ಮತ್ತೆ ಮಾರಿ, ನಾನು ಮತ್ತೆ ಮತ್ತೆ ಕೊಳ್ತೀನಿ!”

“ಅದು ಮುಗಿದ ಕೂಡಲೇ ರಾಹುಕಾಲ.”

“ಕಾಯ್ತೀನಿ.”

“ಅದು ಮುಗಿದ್ರೆ ಸಂಜೆ. ದೀಪ ಹಚ್ಚಿದ ಮೇಲೆ ಮನೆಯಿಂದ ಏನನ್ನೂ ಆಚೆ ಕೊಡಲ್ಲ ನಾವು.”

ಒಳಗೆ ಕಾಫಿ ಸೋಸುತ್ತಿದ್ದ ರಾಜಲಕ್ಷ್ಮಿಯವರ ಕೈಯಿಂದ ಲೋಟ ಜಾರಿತು. ಅಡಿಗೆಮನೆಯ ಪಂಚಾಂಗದ ಕ್ಯಾಲೆಂಡರನ್ನು ಕಂಡಾಗಲೆಲ್ಲ ನಗುತ್ತಿದ್ದ ಗಂಡ! ಕನ್ನಡ ಸಂಘದ ವೇದಿಕೆಯಲ್ಲಿ ಮೂಢನಂಬಿಕೆಯ ವಿರುದ್ಧ ಭಾಷಣ ಬಿಗಿದು, ಶಾಲು ಹೊದೆಸಿಕೊಂಡ ಗಂಡ! ಅವರಿಗೆ ಕಣ್ಣು ತುಂಬಿ ಬಂತು.

ಅಲ್ಲಿಂದ ಮುಂದೆ ಸತ್ಯಪ್ರಕಾಶರು ಟೊರಾಂಟೊದ ಸೂರ್ಯೋದಯಕ್ಕೆ ಸರಿಹೊಂದಿಸಿ ಕಂಪ್ಯೂಟರಿನಲ್ಲಿ ರಾಹುಕಾಲ ಲೆಕ್ಕ ಹಾಕತೊಡಗಿದರು. ಮಂಗಳವಾರ ಬಂದವರಿಗೆ ಮಂಗಳವಾರ ಲಕ್ಷ್ಮಿ ಹೊರಗೆ ಹೋಗಬಾರದೆಂದರು. ಅಮಾವಾಸ್ಯೆಗೆ ಬಂದವರನ್ನು ಬಾಗಿಲಲ್ಲೇ ತಿರುಗಿಸಿದರು. ಪಿತೃಪಕ್ಷ ಬಂದಾಗ ಹಿರಿಯರೆಲ್ಲ ಕೂಡಿ ತಮ್ಮ ಕಾರು ಕಾಯಲೆಂದೇ ಇಳಿದು ಬಂದರೆನ್ನುವಷ್ಟು ಸಂತೋಷಪಟ್ಟರು.

ಆದರೆ ಭಕ್ತಿಗೂ ಬಾಡಿಗೆ ಉಂಟು. “ಅಂತೂ ಬುದ್ಧಿ ಬಂತಲ್ಲ ರೀ!” ಎಂದು ರಾಜಲಕ್ಷ್ಮಿಯವರು ಉತ್ಸಾಹದಿಂದ ಗಂಡನನ್ನು ಏಕಾದಶಿಗೆ ಉಪವಾಸ ಕೂರಿಸಿದರು. ಶನಿವಾರ ಸಹಸ್ರನಾಮ. ಈರುಳ್ಳಿ ಸಾಂಬಾರಿಗೆ ತಿಲಾಂಜಲಿ.

“ಡೋನಟ್ಟೂ ಯಾಕೆ ಬಿಡ್ಬೇಕು ಕಣೇ?” ಸತ್ಯಪ್ರಕಾಶರು ಗೋಗರೆದರು.

“ಮೊಟ್ಟೆ ಇರತ್ತೆ ರೀ. ರಾಹುಕಾಲ ನೋಡೋರು ಮೊಟ್ಟೆ ನೋಡ್ಬೇಡ್ವಾ?”

ಹೊಟ್ಟೆ ಚುರುಗುಟ್ಟಿದರೂ ಅವರು ಹಲ್ಲು ಕಚ್ಚಿ ಸಹಿಸಿದರು. ಕಾರು ಉಳಿಯಿತಲ್ಲ, ಅಷ್ಟು ಸಾಕು.

ಅಷ್ಟರಲ್ಲಿ ನವರಾತ್ರಿ ಬಂತು. ಆಯುಧಪೂಜೆಯ ದಿನ ಸ್ಪ್ಯಾನರುಗಳೆಲ್ಲ ಕುಂಕುಮ ಇಟ್ಟುಕೊಂಡು ಸಾಲಾಗಿ ಕುಳಿತವು. ಬಿಳಿ ಪಟ್ಟೆಯ ಮೇಲೆ ರಾಜಲಕ್ಷ್ಮಿಯವರು ಅರಿಶಿನ ಬಳಿಯುವಾಗ ಸತ್ಯಪ್ರಕಾಶರು ಕಣ್ಣು ಮುಚ್ಚಿಕೊಂಡರು. (ಧ್ಯಾನ ಎಂದು ಹೆಂಡತಿ ತಿಳಿದರು.) ಮಂಗಳಾರತಿ ಆದ ಮೇಲೆ ರಾಜಲಕ್ಷ್ಮಿಯವರು ತಣ್ಣಗೆ ಹೇಳಿದರು: “ನಾಳೆ ವಾನ್ ಊರಿನಿಂದ ಟೋನಿ ಅನ್ನೋರು ಕಾರು ಕೊಳ್ಳೋಕೆ ಬರ್ತಾರೆ. ನಾನೇ ಫೋನಲ್ಲಿ ಮಾತಾಡಿ ಮುಗಿಸಿದೀನಿ.”

“ನಾಳೆಯಾ? ತಡಿ, ರಾಹು ನೋಡ್ತೀನಿ...”

“ನಾಳೆ ವಿಜಯದಶಮಿ ರೀ. ಮುಹೂರ್ತಾನೇ ನೋಡೋ ಹಾಗಿಲ್ಲ. ದಿನವೆಲ್ಲಾ ಶುಭ!”

ಸತ್ಯಪ್ರಕಾಶರು ಪಂಚಾಂಗವನ್ನು ಹಿಂದೆ ಮುಂದೆ ತಿರುವಿದರು, ಕನ್ನಡಕ ಬದಲಿಸಿ ನೋಡಿದರು. ಆ ದಿನದಲ್ಲಿ ಒಂದು ಸಣ್ಣ ದೋಷವೂ ಸಿಗಲಿಲ್ಲ. ತಾವೇ ಏರಿಸಿಕೊಂಡ ಶಾಸ್ತ್ರವನ್ನು ಈಗ ಇಳಿಸುವುದು ಹೇಗೆ?

ಮರುದಿನ ಟೋನಿ ಕಾರು ಹೊರುವ ದೊಡ್ಡ ಲಾರಿಯ ಸಮೇತ ಹಾಜರಾದ. ಗಜಗಾತ್ರದ, ನಗುಮುಖದ ಮನುಷ್ಯ. ರಾಜಲಕ್ಷ್ಮಿಯವರು ಅವನಿಗೆ ಕೊಬ್ಬರಿ ಮಿಠಾಯಿ ಕೊಟ್ಟು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು.

“ಹತ್ತಿ ರೀ. ನಿಂಬೆಹಣ್ಣಿನ ಮೇಲೆ ಹಾಯಿಸಿ ಕೊಟ್ಬಿಡಿ.”

ಸತ್ಯಪ್ರಕಾಶರಿಂದ ಆಗಲಿಲ್ಲ. ಮೂಗಿನ ತುದಿಯಿಂದ ಕಣ್ಣೀರಿನ ಹನಿಯೊಂದು ತೊಟ್ಟಿಕ್ಕಿತು.

“ಅಳ್ತಾ ಗಾಡಿ ಹತ್ತಬಾರ್ದು, ಅಪಶಕುನ. ಸರೀರಿ ಆ ಕಡೆ!” ರಾಜಲಕ್ಷ್ಮಿಯವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಚಾಲಕರ ಸೀಟಿಗೇರಿದರು.

“ಗೇರು ಹಾಕೋಕೆ ಬರತ್ತೇನೇ ನಿಂಗೆ?”

“ಹಾಸನದಲ್ಲಿ ಅಪ್ಪನ ಸರ್ಕಾರಿ ಜೀಪು ಓಡಿಸ್ತಿದ್ದವಳು ನಾನು! ಮದುವೆಯಾಗಿ ಇಷ್ಟು ವರ್ಷಕ್ಕೆ ಈಗ ಕೇಳ್ತಿದೀರಲ್ಲ!”

ಎಂಜಿನ್ನು ಗುಡುಗಿತು. ನಿಂಬೆಹಣ್ಣುಗಳು ಪಚಕ್ಕೆಂದವು. ಕಾರು ಅಲ್ಲಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಬಾಣದಂತೆ ಬೀದಿಗೆ ನುಗ್ಗಿ, ತಿರುವಿನಲ್ಲಿ ಟೈರು ಕಿರುಚಿ, ಕಣ್ಮರೆಯಾಯಿತು. ಟೋನಿ ಮಿಠಾಯಿ ಅಗಿಯುವುದನ್ನು ಮರೆತ. ಸತ್ಯಪ್ರಕಾಶರು ಕಾರಿಗಾಗಿ ಒಮ್ಮೆ, ಹೆಂಡತಿಗಾಗಿ ಒಮ್ಮೆ ದೇವರನ್ನು ನೆನೆದರು. (ಯಾವುದು ಮೊದಲು ಎಂದು ಕೇಳಬಾರದು.)

ಎಷ್ಟೋ ಹೊತ್ತಿನ ಮೇಲೆ ಹೂಂಕಾರ ಹಿಂದಿರುಗಿತು. ರಾಜಲಕ್ಷ್ಮಿಯವರ ತುರುಬು ಬಿಚ್ಚಿ ಹೋಗಿತ್ತು, ಕಣ್ಣು ಮಿಂಚುತ್ತಿತ್ತು, ಮುಖದಲ್ಲಿ ಹದಿನೆಂಟರ ಕಳೆ. ಕೆಳಗಿಳಿದು, ಬಾನೆಟ್ಟು ತಟ್ಟಿ, ಟೋನಿಗೆ ಇಂಗ್ಲಿಷಿನಲ್ಲೇ ತೀರ್ಪು ಕೊಟ್ಟರು: “ಸಾರಿ ಟೋನಿ. ವಿಜಯದಶಮಿ ದಿನ ನಾವು ಲಕ್ಷ್ಮಿಯನ್ನು ಮನೆಯಿಂದ ಕಳಿಸೋದಿಲ್ಲ.”

ಪಾಪ, ಟೋನಿ ದೊಡ್ಡ ಮನಸ್ಸಿನವನು. ನಮ್ಮಜ್ಜಿಯೂ ಹೀಗೇ ಇದ್ದಳು ಎಂದು ನಿಟ್ಟುಸಿರಿಟ್ಟು, ಮಿಠಾಯಿಯ ಡಬ್ಬವನ್ನು ಕಂಕುಳಲ್ಲಿ ಅವುಚಿಕೊಂಡು ಖಾಲಿ ಲಾರಿ ಹತ್ತಿದ.

ಸತ್ಯಪ್ರಕಾಶರು ಗರಾಜಿನ ಮುಂದೆ ಒಂದು ಸುತ್ತು ಕುಣಿದೇ ಬಿಟ್ಟರು. “ರಾಜೀ, ನೀನು ದೇವತೆ ಕಣೇ! ಕೊಡು ಕೀಲಿ, ಒಳಗೆ ನಿಲ್ಲಿಸ್ತೀನಿ.”

“ಕೀಲಿ ಯಾಕೆ?” ರಾಜಲಕ್ಷ್ಮಿಯವರು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿದರು. “ನನ್ನ ಕಾರು ಗರಾಜಲ್ಲಿ ನಿಲ್ಬೇಕು ಅಂದಿದ್ದೆ. ನಾನೇ ನಿಲ್ಲಿಸ್ಕೋತೀನಿ. ನಿಮಗೆ ಇನ್ಮೇಲೆ ಕೊರೊಲಾ.”

ಮುಂದಿನ ಶನಿವಾರ ಮಸ್ಟ್ಯಾಂಗ್ ಸರೋವರದ ದಡಕ್ಕೆ ಹೊರಟಿತು. ಮುಂದೆ ರಾಜಲಕ್ಷ್ಮಿ ಮತ್ತು ಕನ್ನಡ ಸಂಘದ ಗೆಳತಿ ಜಯಲಕ್ಷ್ಮಿ, ಹಿಂದೆ ಇನ್ನಿಬ್ಬರು ಗೆಳತಿಯರು ಶಾರದಮ್ಮ, ಪ್ರಫುಲ್ಲಾ. ಎಲ್ಲರ ಕಣ್ಣಿಗೂ ಕಪ್ಪು ಕನ್ನಡಕ, ಬಾಯ್ತುಂಬ ನಗು. ಕಾರಿನಲ್ಲಿ ಜಾಗವಿಲ್ಲದ ಕಾರಣ ಪುಳಿಯೋಗರೆ, ಮಡಚುವ ಕುರ್ಚಿಗಳು ಮತ್ತು ಸತ್ಯಪ್ರಕಾಶರು ಕೊರೊಲಾದಲ್ಲಿ ಹಿಂದಿನಿಂದ ಬಂದರು.

ಅವರು ಡಬ್ಬ ಹೊತ್ತು ಏದುಸಿರು ಬಿಡುತ್ತ ತಲುಪುವಾಗ, ಬಿಳಿಗಡ್ಡದ ಮುದುಕನೊಬ್ಬ ಮಸ್ಟ್ಯಾಂಗನ್ನು ಭಕ್ತಿಯಿಂದ ಸವರುತ್ತಿದ್ದ. “ಬ್ಯೂಟಿಫುಲ್, ಮ್ಯಾಮ್! ಹೂ ಡಿಡ್ ದ ವರ್ಕ್?”

“ಮೈ ಮೆಕ್ಯಾನಿಕ್,” ಎಂದರು ರಾಜಲಕ್ಷ್ಮಿ, ಕನ್ನಡಕ ಏರಿಸಿ. “ದೇರ್ ಹಿ ಕಮ್ಸ್, ವಿತ್ ದ ಪುಳಿಯೋಗರೆ.”

ನಾನು ಅವರ ಗಂಡ ಎನ್ನಲು ಸತ್ಯಪ್ರಕಾಶರು ಬಾಯಿ ತೆರೆದರು. ಅಷ್ಟರಲ್ಲಿ ಮುದುಕ ಅವರ ಭುಜ ತಟ್ಟಿ, ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದ: “ಡೋಂಟ್ ಲೂಸ್ ದಿಸ್ ಜಾಬ್, ಮೈ ಫ್ರೆಂಡ್.”

ಸತ್ಯಪ್ರಕಾಶರು ಕಾರನ್ನು ನೋಡಿದರು. ಕಾರಿಗೊರಗಿ ನಗುತ್ತಿದ್ದ ಹೆಂಡತಿಯನ್ನು ನೋಡಿದರು.

“ನೋ ಸರ್,” ಎಂದು ತಟ್ಟೆ ಹಂಚಲು ಹೋದರು.