ಮೂರು ಕಾವಲು, ಒಂದು ಕನ್ನಡಕ

ಸುರಕ್ಷತೆ ಎಂಬುದು ಎಷ್ಟಿದ್ದರೂ ಸಾಲದು ಎಂಬ ವಿಷಯದಲ್ಲಿ ಬಸ್ ನಿಲ್ದಾಣದ ಕಳೆದುಹೋದ ವಸ್ತುಗಳ ವಿಭಾಗದ ಅಧೀಕ್ಷಕರಿಗೆ ಎಂದೂ ಸಂದೇಹವಿರಲಿಲ್ಲ. ಮನೆಗೆ ಎರಡು ಬೀಗ ಹಾಕಿ, ಎರಡನ್ನೂ ಜಗ್ಗಿ ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ಮತ್ತೆ ಬಂದು ಜಗ್ಗಿ ನೋಡುವ ಜಾಯಮಾನ ಅವರದು. ಬೆನ್ನ ಹಿಂದೆ ಜನ ತಮ್ಮನ್ನು ‘ಡಬಲ್ ಲಾಕ್’ ಎನ್ನುತ್ತಾರೆಂಬುದು ಅವರಿಗೆ ಗೊತ್ತಿತ್ತು. ಆಕ್ಷೇಪಿಸಲು ಹೋಗಿರಲಿಲ್ಲ, ಹೆಸರು ತಪ್ಪೆಂದು ಸಾಧಿಸಲು ಅವರ ಬಳಿ ಆಧಾರಗಳಿರಲಿಲ್ಲ.

ವಿಭಾಗದಲ್ಲಿದ್ದದ್ದು ಒಂದು ಕಂಪ್ಯೂಟರ್, ಒಬ್ಬರು ಕ್ಲರ್ಕ್ ಮೇಡಂ, ಮತ್ತು ಜನ ಬಸ್ಸಿನಲ್ಲಿ ಬಿಟ್ಟುಹೋದ ಕೊಡೆ, ಚೀಲ, ಊರುಗೋಲು, ಒಂಟಿ ಚಪ್ಪಲಿಗಳನ್ನಿಟ್ಟ ಗೋಡೆಯುದ್ದದ ಕಪಾಟು. ಸಿಕ್ಕಿದ ವಸ್ತುವನ್ನು ಕಂಪ್ಯೂಟರಿನಲ್ಲಿ ನಮೂದಿಸುವುದು, ಕಳೆದುಕೊಂಡವರು ಬಂದಾಗ ಅದೇ ನಮೂದು ತೆರೆದು, ಗುರುತು ಕೇಳಿ, ಬಿಡುಗಡೆ ಚೀಟಿ ಮುದ್ರಿಸಿ ಒಪ್ಪಿಸುವುದು, ಇಷ್ಟೇ ಕೆಲಸ. ಕಂಪ್ಯೂಟರಿಗೆ ‘ಕಾವಲುಗಾರ’ ಎಂಬ ಆಂಟಿವೈರಸ್ ಮೊದಲೇ ಇತ್ತು. ತನ್ನ ಪಾಡಿಗೆ ತಾನು ಪರದೆಯ ಮೂಲೆಯಲ್ಲಿ ಕುಳಿತಿರುತ್ತಿತ್ತು. ಅದು ಹಾಗೆ ಸುಮ್ಮನಿದ್ದದ್ದೇ ಅಧೀಕ್ಷಕರ ನೆಮ್ಮದಿ ಕೆಡಿಸಿತು.

“ಮೇಡಂ, ಇದು ಎಚ್ಚರವಾಗಿದೆಯೋ ತೂಕಡಿಸ್ತಿದೆಯೋ, ನಮಗೆ ಗೊತ್ತಾಗೋದು ಹೇಗೆ?”

“ವೈರಸ್ ಬಂದಾಗ ಗೊತ್ತಾಗುತ್ತೆ ಸಾರ್.”

“ಬಂದಮೇಲೆ ಗೊತ್ತಾಗಿ ಏನು ಪ್ರಯೋಜನ?”

ಹೀಗಾಗಿ ‘ಹದ್ದಿನಕಣ್ಣು’ ಎಂಬ ಎರಡನೆಯ ಆಂಟಿವೈರಸ್ ಬಂತು. ಹಾಕಿದ ಕೂಡಲೇ ಅದು ಅಪಾಯಕಾರಿ ವೈರಸ್ ಒಂದನ್ನು ಪತ್ತೆಹಚ್ಚಿತು. ಅದು ಕಾವಲುಗಾರ. ಗಲಾಟೆಗೆ ಎಚ್ಚರಗೊಂಡ ಕಾವಲುಗಾರನೂ ತನ್ನ ಜೀವಮಾನದ ಮೊದಲ ವೈರಸ್ಸನ್ನು ಹಿಡಿಯಿತು. ಅದು ಹದ್ದಿನಕಣ್ಣು. ಅಧೀಕ್ಷಕರಿಗೆ ಮೈ ಜುಮ್ಮೆಂದಿತು. “ನೋಡಿದ್ರಾ ಮೇಡಂ! ಇಷ್ಟು ಕಾಲ ಒಂದೂ ಸಿಕ್ಕಿರಲಿಲ್ಲ. ಇವತ್ತು ಒಂದೇ ಬೆಳಗ್ಗೆ ಎರಡು!”

ಎರಡೂ ಒಂದನ್ನೊಂದು ಬಂಧಿಸಿ, ಬಿಡಿಸಿಕೊಂಡು, ಮತ್ತೆ ಬಂಧಿಸುತ್ತಿದ್ದುದರಿಂದ ಕಂಪ್ಯೂಟರ್ ಆಮೆಯಾಯಿತು. ಆಂಟಿವೈರಸ್ ಮಾರುವವನನ್ನು ಕರೆಸಲಾಯಿತು. ಅವನು ಪರದೆ ನೋಡಿ ವೈದ್ಯನಂತೆ ತಲೆಯಾಡಿಸಿದ.

“ಎರಡಿದ್ರೆ ಜಗಳ ಸಹಜ ಸಾರ್. ಅತ್ತೆ ಸೊಸೆ ಇದ್ದ ಹಾಗೆ. ಮೂರನೇದು ಒಂದಿದ್ರೆ ನ್ಯಾಯ ಹೇಳುತ್ತೆ.”

“ಅದೂ ಜಗಳಕ್ಕೆ ನಿಂತರೆ?”

“ನಾನಿಲ್ವಾ ಸಾರ್?” ಎಂದ ಅವನು, ಬಹಳ ಪ್ರೀತಿಯಿಂದ.

ಮೂರನೆಯದಾದ ‘ಸರ್ವರಕ್ಷಾ’ ಬಂದಮೇಲೆ ವ್ಯವಸ್ಥೆ ಒಂದು ಹದಕ್ಕೆ ಬಂತು. ಬೆಳಗ್ಗೆ ಗುಂಡಿ ಒತ್ತಿದರೆ ಊಟದ ಹೊತ್ತಿಗೆ ಕಂಪ್ಯೂಟರ್ ಕಣ್ಣು ಬಿಡುತ್ತಿತ್ತು. ಹೊಸ ವಸ್ತುವನ್ನು ನಮೂದಿಸಲು ಯಾವ ಅಡ್ಡಿಯೂ ಇರಲಿಲ್ಲ. ಬಿಡುಗಡೆ ಚೀಟಿ ತೆರೆದರೆ ಮಾತ್ರ ಮೂರರಲ್ಲಿ ಒಂದಾದರೂ ‘ಶಂಕಾಸ್ಪದ ನಿರ್ಗಮನ’ ಎಂದು ಕೆಂಪು ಪಟ್ಟಿ ಎಳೆದು ನಮೂದನ್ನೇ ನುಂಗಿಬಿಡುತ್ತಿತ್ತು. ಒಂದನ್ನು ತೆಗೆದುಹಾಕೋಣವೆಂದರೆ ಉಳಿದೆರಡು ಅದನ್ನು ಶತ್ರುವಿನ ದಾಳಿಯೆಂದು ಪರಿಗಣಿಸಿ ಪರದೆಯನ್ನೇ ಕಪ್ಪಾಗಿಸುತ್ತಿದ್ದವು. ಆಜನ್ಮ ವೈರಿಗಳು ಈ ಒಂದು ವಿಷಯದಲ್ಲಿ ಒಗ್ಗಟ್ಟಾಗಿದ್ದರು.

ಮೊದಲು ಸಿಕ್ಕಿಬಿದ್ದದ್ದು ನಿಲ್ದಾಣದ ಎದುರಿನ ಟೈಲರಮ್ಮನ ಕತ್ತರಿ.

“ಅಗೋ, ಆ ಕೆಂಪು ಹಿಡಿ ಇರೋದು ನಂದೇ! ಕಾಣ್ತಿದೆಯಲ್ಲ ಸಾರ್!”

“ಕಾಣೋದು ಬೇರೆ, ಪತ್ತೆಯಾಗೋದು ಬೇರೆ ಅಮ್ಮಾ,” ಎಂದರು ಅಧೀಕ್ಷಕರು. ಹೇಳಿದಮೇಲೆ ಆ ಮಾತು ಅವರಿಗೇ ಬಹಳ ಹಿಡಿಸಿತು. ಅಂದೇ ಕುಳಿತು ಪ್ರಕಟಣೆ ಬರೆದರು:

‘ಕಳೆದುಹೋದ ವಸ್ತುವು ಕಪಾಟಿನಲ್ಲಿ ಕಣ್ಣಿಗೆ ಕಾಣುತ್ತಿದ್ದಾಗ್ಯೂ, ಕಂಪ್ಯೂಟರಿನಲ್ಲಿ ಕಾಣುವ ತನಕ ಅದನ್ನು ಕಳೆದುಹೋಗಿದೆ ಎಂದೇ ಭಾವಿಸತಕ್ಕದ್ದು. ಈ ನಿಯಮಕ್ಕೆ ಯಾರೂ ಹೊರತಲ್ಲ.’

ಕೊನೆಯ ವಾಕ್ಯದ ಅಗತ್ಯವಿರಲಿಲ್ಲ. ಅದು ಬರೆಯುವ ಹುಮ್ಮಸ್ಸಿನಲ್ಲಿ ತಾನಾಗಿ ಬಂತು.

ಪ್ರಕಟಣೆಯ ಒಂದು ಪ್ರತಿಯನ್ನು ಕೌಂಟರಿನ ಮೇಲೆ ಅಂಟಿಸಿ, ಇನ್ನೊಂದನ್ನು ಪ್ರಯಾಣಿಕರ ತಂಗುಕೋಣೆಯಲ್ಲಿ ಖುದ್ದಾಗಿ ಅಂಟಿಸಲು ಹೋದರು. ಬೆವರು ಒರೆಸಿಕೊಳ್ಳಲು ಕನ್ನಡಕ ತೆಗೆದು ಬೆಂಚಿನ ಮೇಲಿಟ್ಟರು. ಅಂಟಿಸಿದ ಕಾಗದದ ನಾಲ್ಕು ಮೂಲೆಯನ್ನೂ ಎರಡೆರಡು ಸಲ ಒತ್ತಿ ನೋಡಿದರು. ಕನ್ನಡಕ ಮರೆತು ಚಹಾ ಕುಡಿಯಲು ಹೋದರು. ಕಸ ಗುಡಿಸುವಾಕೆ ಅದನ್ನು ಎತ್ತಿಕೊಂಡು ಹೋಗಿ ಪ್ರಾಮಾಣಿಕವಾಗಿ ಕೌಂಟರಿಗೆ ಕೊಟ್ಟಳು. ಕಂಪ್ಯೂಟರ್ ಎಂದಿಲ್ಲದ ಚುರುಕಿನಿಂದ ಅದನ್ನು ನಮೂದಿಸಿಕೊಂಡಿತು.

“ಮೇಡಂ, ಅದು ನನ್ನ ಕನ್ನಡಕ.”

“ಹೌದು ಸಾರ್. ನಾನು ದಿನಾ ನೋಡ್ತೀನಲ್ಲ.”

“ಮತ್ತೆ ಕೊಡಿ.”

“ನಮೂದಾಗಿಬಿಟ್ಟಿದೆ ಸಾರ್. ಬಿಡುಗಡೆ ಚೀಟಿ ತೆರೆದ್ರೆ ನಮೂದನ್ನೇ ನುಂಗಿಬಿಡ್ತು.” ಮೇಡಂ ಪ್ರಕಟಣೆಯತ್ತ ಬೆರಳು ತೋರಿಸಿದರು. ಅಧೀಕ್ಷಕರಿಗೆ ಅಲ್ಲಿ ಇರುವೆ ಸಾಲು ಬಿಟ್ಟು ಬೇರೇನೂ ಕಾಣಲಿಲ್ಲ. ಆಗ ಮೇಡಂ ಅದನ್ನು ಗಟ್ಟಿಯಾಗಿ ಓದಿ ಹೇಳಿದರು. ಕೊನೆಯ ವಾಕ್ಯವನ್ನು ಎರಡು ಸಲ ಓದಿದರು.

ಕೈ ಚಾಚಿದರೆ ಕನ್ನಡಕ ಸಿಗುತ್ತಿತ್ತು. ಆದರೆ ಸಾಲಿನಲ್ಲಿ ನಿಂತ ಟೈಲರಮ್ಮ ಆ ಕೈಯನ್ನೇ ನೋಡುತ್ತಿದ್ದರು. ತಾವೇ ತೋಡಿದ ಹಳ್ಳ ಎಷ್ಟು ಅಚ್ಚುಕಟ್ಟಾಗಿದೆ ಎಂದು ಅಧೀಕ್ಷಕರಿಗೆ ಒಳಗೊಳಗೇ ನಗು ಬಂತು. ಕಚೇರಿಯ ವೇಳೆಯಾದ್ದರಿಂದ ನಗಲಿಲ್ಲ.

ಮನೆಯಲ್ಲಿ ಹೆಂಡತಿ ತಲೆ ಚಚ್ಚಿಕೊಂಡರು. “ಅಲ್ಲಾರೀ, ಹೊಸದೊಂದು ಮಾಡಿಸ್ಕೊಳ್ಳಿ, ಮುಗೀತು.”

“ಹೊಸದು ಮಾಡಿಸಿದ್ರೆ ನಮ್ಮ ವ್ಯವಸ್ಥೆ ಮೇಲೆ ನಮಗೇ ನಂಬಿಕೆ ಇಲ್ಲ ಅಂತಾಗುತ್ತೆ ಕಣೇ.”

“ನಂಬಿಕೆ ಇದ್ದಿದ್ರೆ ಮೂರು ಯಾಕೆ ಹಾಕಿಸ್ತಿದ್ರಿ?”

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಅವರು ಚಹಾಕ್ಕೆ ಸಕ್ಕರೆಯೆಂದು ಉಪ್ಪು ಹಾಕಿಕೊಂಡರು. ಹೆಂಡತಿ ನೋಡುತ್ತಿದ್ದುದರಿಂದ ಲೋಟ ಖಾಲಿ ಮಾಡಿ, ಚೆನ್ನಾಗಿದೆ ಎಂದರು.

ದಾರಿ ತೋರಿಸಿದ್ದು ಟೈಲರಮ್ಮ. ಒಂದು ದಿನ ಆಕೆ ಬಟ್ಟೆಯ ಗಂಟನ್ನೇ ಹೊತ್ತುಕೊಂಡು ಬಂದರು.

“ಸಾರ್, ಕತ್ತರಿ ಕೊಡಬೇಡಿ. ಒಪ್ಪಿದೆ. ಇಲ್ಲೇ ನಿಂತು ನಾಲ್ಕು ರವಿಕೆ ಕತ್ತರಿಸಿಕೊಂಡು ಹೋಗ್ತೀನಿ. ಕೂಡದು ಅಂತ ಎಲ್ಲಾದರೂ ಬರೆದಿದೆಯಾ?”

ಬರೆದಿರಲಿಲ್ಲ. ಅಂದಿನಿಂದ ‘ವಸ್ತು ಭೇಟಿ ಸಮಯ’ ಜಾರಿಗೆ ಬಂತು. ಕಳೆದುಕೊಂಡವರು ಸಾಲಿನಲ್ಲಿ ಬಂದು, ಗುರುತು ಹೇಳಿ, ತಮ್ಮ ವಸ್ತುವನ್ನು ಸ್ವಲ್ಪ ಹೊತ್ತು ಬಳಸಿ ಹಿಂತಿರುಗಿಸಬಹುದು. ಮುದುಕರೊಬ್ಬರು ಊರುಗೋಲು ಪಡೆದು ಮೊಗಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆದು, ಊರುಗೋಲು ಒಪ್ಪಿಸಿ, ಗೋಡೆ ಹಿಡಿದುಕೊಂಡು ಮನೆಗೆ ಹೋಗುತ್ತಿದ್ದರು. ಪುಟ್ಟ ಹುಡುಗಿಯೊಬ್ಬಳು ತನ್ನ ಬೊಂಬೆಗೆ ತಲೆ ಬಾಚಿ ಹೋಗುತ್ತಿದ್ದಳು. ಮೊದಮೊದಲು ಗೊಣಗಿದವರೂ ಆಮೇಲೆ, ಮನೆಯಲ್ಲಿದ್ದರೆ ಮತ್ತೆ ಕಳೆದುಹೋಗುತ್ತಿತ್ತು, ಇಲ್ಲೇ ಭದ್ರ ಎನ್ನತೊಡಗಿದರು. ಕೆಲವರು ಕಳೆದುಹೋಗದ ವಸ್ತುಗಳನ್ನೂ ತಂದು, ಬೆಂಚಿನ ಮೇಲೆ ಮರೆತಂತೆ ನಟಿಸಿ ಹೋಗುತ್ತಿದ್ದರು.

ಕೇಂದ್ರ ಕಚೇರಿಯಿಂದ ಪ್ರಶಂಸಾಪತ್ರ ಬಂತು. ಅದನ್ನೂ ಮೇಡಂ ಓದಿ ಹೇಳಬೇಕಾಯಿತು. ವಸ್ತುವನ್ನು ತಪ್ಪು ವ್ಯಕ್ತಿಗೆ ಕೊಟ್ಟ ಪ್ರಕರಣ ಒಂದೂ ಇಲ್ಲದ ಏಕೈಕ ವಿಭಾಗ ಇದಾಗಿದ್ದು, ಉಳಿದ ನಿಲ್ದಾಣಗಳೂ ಈ ಮಾದರಿಯನ್ನು ಅನುಸರಿಸತಕ್ಕದ್ದು ಎಂದಿತ್ತು. ಸರಿಯಾದ ವ್ಯಕ್ತಿಗೆ ಕೊಟ್ಟ ಪ್ರಕರಣಗಳ ಬಗ್ಗೆ ಪತ್ರದಲ್ಲಿ ಪ್ರಸ್ತಾಪವಿರಲಿಲ್ಲ. ಅಧೀಕ್ಷಕರೂ ಕೇಳಲು ಹೋಗಲಿಲ್ಲ.

ಈಗ ಭೇಟಿ ಸಮಯ ಶುರುವಾದ ಕೂಡಲೇ ಅವರು ತಮ್ಮ ಕುರ್ಚಿಯಿಂದ ಎದ್ದು, ಬಾಗಿಲಾಚೆ ಹೋಗಿ, ಸಾಲಿನ ಕೊನೆಯಲ್ಲಿ ನಿಲ್ಲುತ್ತಾರೆ. ಸರದಿ ಬಂದಾಗ ಮೇಡಂ ಕೇಳುತ್ತಾರೆ.

“ಗುರುತು ಹೇಳಿ.”

“ಕಪ್ಪು ಚೌಕಟ್ಟು. ಬಲಗಡೆ ಕಡ್ಡಿಗೆ ದಾರ ಸುತ್ತಿದೆ.”

“ಯಾರದು?”

“ನನ್ನದೇ ಇರಬೇಕು.”

ಮೇಡಂ ಕನ್ನಡಕ ಕೊಟ್ಟು, ಅದರ ಜೊತೆಗೆ ಅಂದಿನ ಕಡತವನ್ನೂ ಮುಂದಿಡುತ್ತಾರೆ. ಮೊನ್ನೆ ಆ ಕಡತದಲ್ಲಿ ಇದ್ದದ್ದು ಒಂದೇ ಹಾಳೆ: ಮೂರೂ ಆಂಟಿವೈರಸ್‌ಗಳ ನಡವಳಿಕೆಯ ಮೇಲೆ ನಿಗಾ ಇಡಲು ನಾಲ್ಕನೆಯದನ್ನು ಖರೀದಿಸುವ ಪ್ರಸ್ತಾವ. ಅಧೀಕ್ಷಕರು ಕನ್ನಡಕ ಏರಿಸಿ ಅಕ್ಷರ ಬಿಡದೆ ಓದಿದರು. ಮೊದಲಿಂದ ಇನ್ನೊಮ್ಮೆ ಓದಿದರು. ತಡವಾಗಿ ಬಂದು ಅವರ ಹಿಂದೆ ನಿಂತಿದ್ದ ಟೈಲರಮ್ಮ, “ಬೇಗ ಬೇಗ ಸಾರ್, ನಂಗೆ ತೋಳು ಕತ್ತರಿಸೋದಿದೆ,” ಎಂದರು.

“ಆಯ್ತಮ್ಮಾ, ಆಯ್ತು,” ಎಂದ ಅಧೀಕ್ಷಕರು ಸಹಿ ಹಾಕಿ, ಕನ್ನಡಕ ಕಳಚಿ ಮೇಡಂ ಕೈಗಿತ್ತು, ಗೋಡೆ ತಡವುತ್ತಾ ತಮ್ಮ ಕುರ್ಚಿಯತ್ತ ಹೊರಟರು.