ಕೇಳಿದರೆ ಮುನಿಯುವ ಕ್ರೆಡಿಟ್ ಸ್ಕೋರ್ ಅವರ ಸನ್ನಿಧಾನಕ್ಕೆ

ಮಾನ್ಯರೇ,

ಕಣ್ಣಿಗೆ ಕಾಣದೆಯೂ ಎಲ್ಲರನ್ನೂ ಕಾಣುವ, ಊಟ ನಿದ್ದೆಗಳ ಹಂಗಿಲ್ಲದೆ ಲೋಕದ ಸಾಲಗಾರರ ಯೋಗಕ್ಷೇಮ ವಿಚಾರಿಸುವ ತಮಗೆ, ಬಟ್ಟೆ ಒಗೆಯುವ ಅಂಗಡಿಯವಳಾದ ನನ್ನ ಭಕ್ತಿಪೂರ್ವಕ ನಮಸ್ಕಾರಗಳು. ನಾವೆಲ್ಲ ಕ್ಷೇಮ, ತಾವು ಮಾತ್ರ ಇಳಿದುಹೋಗಿದ್ದೀರೆಂದು ತಿಳಿದು ಈ ಪತ್ರ ಬರೆಯಬೇಕಾಯಿತು.

ನಾನೂ ನನ್ನ ಓರಗಿತ್ತಿಯೂ ನಡೆಸುವ ಅಂಗಡಿಯ ದೊಡ್ಡ ವಾಷಿಂಗ್ ಮೆಷಿನ್ ಮೊನ್ನೆ ಗಡಗಡ ಸದ್ದು ಮಾಡಿ, ಆಸ್ಪತ್ರೆಯ ಹೊದಿಕೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಪ್ರಾಣ ಬಿಟ್ಟಿತು. ತಿಂಗಳ ಕೊನೆಯೊಳಗೆ ಹೊಸ ಮೆಷಿನ್ ಬರದಿದ್ದರೆ ಹೊದಿಕೆಗಳನ್ನು ಬೇರೆಯವರಿಗೆ ಕೊಡುವುದಾಗಿ ಆಸ್ಪತ್ರೆಯ ಮೇಲ್ವಿಚಾರಕಿ ಹೇಳಿದ್ದಾರೆ. ಅವು ಹೋದರೆ ಅಂಗಡಿಯೂ ಹೋದಂತೆಯೇ. ಹೀಗಾಗಿ ಒಂದು ಕ್ರೆಡಿಟ್ ಕಾರ್ಡ್ ಪಡೆದು, ಮೆಷಿನ್ ತಂದು, ಕಂತಿನಲ್ಲಿ ತೀರಿಸೋಣವೆಂದು ಹೊರಟೆ.

ಸೋಪಿನ ಪುಡಿಯನ್ನೂ ನಾಲ್ಕು ಅಂಗಡಿಯಲ್ಲಿ ವಿಚಾರಿಸದೆ ಕೊಳ್ಳುವವಳಲ್ಲ ನಾನು. ಆದ್ದರಿಂದ ನಮ್ಮ ಬೀದಿಯ ಬ್ಯಾಂಕುಗಳನ್ನೆಲ್ಲ ಒಂದೇ ವಾರದಲ್ಲಿ ಹತ್ತಿಳಿದು, ಪ್ರತಿಯೊಂದರಲ್ಲೂ ಅರ್ಜಿ ತುಂಬಿ, ಒಳ್ಳೆಯ ಕಾರ್ಡ್ ಕೊಟ್ಟವರದನ್ನು ಇಟ್ಟುಕೊಂಡು ಉಳಿದವರಿಗೆ ಕೈ ಮುಗಿದು ಬರೋಣವೆಂದುಕೊಂಡಿದ್ದೆ. ಅರ್ಜಿ ಹಾಕಿದ ಪ್ರತಿ ಬ್ಯಾಂಕೂ ತಮ್ಮನ್ನು ಇಣುಕಿ ನೋಡುತ್ತದೆಂದೂ, ಹಾಗೆ ಇಣುಕಿದಾಗಲೆಲ್ಲ ತಾವು ನಾಚಿ ಒಂದಿಷ್ಟು ಕುಗ್ಗುತ್ತೀರೆಂದೂ ನನಗೇನು ಗೊತ್ತು? ಒಬ್ಬರೂ ಕಾರ್ಡ್ ಕೊಡಲಿಲ್ಲ. ಕೊನೆಯ ಬ್ಯಾಂಕಿನ ಅಧಿಕಾರಿ ಕಂಪ್ಯೂಟರಿನಿಂದ ತಲೆಯೆತ್ತಿ, “ಅಮ್ಮಾ, ಇಷ್ಟೊಂದು ಕಡೆ ಕೇಳಿದ್ದೀರಲ್ಲ, ದುಡ್ಡಿಗೆ ತುಂಬ ಅವಸರ ಇದೆ ಅಂತ ಕಾಣುತ್ತೆ” ಎಂದರು. ಅವಸರವಿಲ್ಲದವಳು ನೆನೆಹಾಕಿದ ಬಟ್ಟೆ ಬಿಟ್ಟು ಇವರ ಮುಖ ನೋಡಲು ಬರುತ್ತಾಳೆಯೇ? ಪರಿಹಾರವೇನೆಂದು ಕೇಳಿದರೆ, “ಒಂದಷ್ಟು ತಿಂಗಳು ಎಲ್ಲೂ ಏನೂ ಕೇಳ್ದೆ ಸುಮ್ನಿದ್ದುಬಿಡಿ, ಸ್ಕೋರ್ ತಾನಾಗೇ ಮೇಲೆ ಬರುತ್ತೆ” ಎಂದು ಕಳಿಸಿಕೊಟ್ಟರು.

ಮಾನ್ಯರೇ, ತಮ್ಮ ಮಹಿಮೆಗೆ ಬೆರಗಾದೆ. ನಾನು ದಿನಾ ಕೈ ಮುಗಿಯುವ ದೇವರು ಕೇಳಿದಷ್ಟೂ ಹತ್ತಿರ ಬರುತ್ತಾನೆ, ತಾವು ಕೇಳಿದಷ್ಟೂ ದೂರ ಸರಿಯುತ್ತೀರಿ. ಬೇಡವೆನ್ನುವವರಿಗೆ ದುಡ್ಡು ಕೊಡಿಸಿ, ಬೇಕೆನ್ನುವವರನ್ನು ಬಾಗಿಲಲ್ಲೇ ನಿಲ್ಲಿಸುವ ಇಂಥ ವೈರಾಗ್ಯ ಯಾವ ಸನ್ಯಾಸಿಗೂ ಸಿದ್ಧಿಸಿದ್ದನ್ನು ನಾನು ಕಾಣೆ. ನಾನೇ ನೋಡಿಕೊಂಡರೆ ತಾವು ಇಳಿಯುವುದಿಲ್ಲವಂತೆ. ಆದ್ದರಿಂದ ಬೆಳಗಿನ ಪ್ರಾರ್ಥನೆ ಮುಗಿಸಿ ಫೋನಿನಲ್ಲಿ ತಮ್ಮ ದರ್ಶನವನ್ನೂ ಮಾಡುತ್ತಿದ್ದೇನೆ. ತಾವು ಇನ್ನೂ ಕದಲಿಲ್ಲ.

ಅಧಿಕಾರಿಯ ಮಾತಿನಂತೆ ನಮ್ಮ ಮನೆಯಲ್ಲಿ ಈಗ ಯಾರೂ ಏನನ್ನೂ ಕೇಳುವುದಿಲ್ಲ. ನಮ್ಮ ಯಜಮಾನರು ಊಟದ ನಡುವೆ ಬಿಕ್ಕಳಿಕೆ ಬಂದರೂ ನೀರು ಕೇಳದೆ ಖಾಲಿ ಲೋಟವನ್ನೇ ದಿಟ್ಟಿಸುತ್ತ ಕೂರುತ್ತಾರೆ. ನಾನು ಬಸ್ಸಿನಲ್ಲಿ ಟಿಕೆಟ್ ಕೇಳುವುದನ್ನು ಬಿಟ್ಟು, ಕಂಡಕ್ಟರ್ ತಾನಾಗಿ ಕೊಟ್ಟ ಊರಿಗೆ ಹೋಗಿ ಬರುತ್ತಿದ್ದೇನೆ. ಓರಗಿತ್ತಿ ಮಾತ್ರ ಟಬ್ಬಿನಲ್ಲಿ ನಿಂತು ಹೊದಿಕೆ ತುಳಿಯುತ್ತ, “ಅಕ್ಕಾ, ಯಾರಾದ್ರೂ ನೋಡಿದ್ರೆ ಸಾಕು ಕಮ್ಮಿ ಆಗ್ತಾನಲ್ಲ ಅವನು, ಈ ಕಲೆಗಳಿಗೆ ಸ್ವಲ್ಪ ಆ ಬುದ್ಧಿ ಕಲಿಸೋಕೆ ಹೇಳು!” ಎಂದು ಅಣಕಿಸುತ್ತಾಳೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅವಳ ಮಂಡಿ ಊದಿಕೊಂಡಿದೆ.

ತಮ್ಮಲ್ಲಿ ನಾನು ಏನನ್ನೂ ಕೇಳುತ್ತಿಲ್ಲ, ದಯವಿಟ್ಟು ಗಾಬರಿಯಾಗಿ ಇಳಿಯಬೇಡಿ. ಸುಮ್ಮನೆ ಗಟ್ಟಿಯಾಗಿ ಯೋಚಿಸುತ್ತಿದ್ದೇನೆ, ಅಷ್ಟೇ. ತಾವು ಚೇತರಿಸಿಕೊಳ್ಳುವವರೆಗೆ ಈ ತಿಂಗಳು ಮುಗಿಯದಂತೆ ನೋಡಿಕೊಂಡರೆ ಎಷ್ಟು ಚೆನ್ನಾಗಿರುತ್ತಿತ್ತು. ಅದು ಕಷ್ಟವಾದರೆ, ಆಸ್ಪತ್ರೆಯ ರೋಗಿಗಳು ಅಲ್ಲಿಯವರೆಗೆ ಬೆವರದೆ, ಮಗ್ಗುಲು ಬದಲಿಸದೆ ಮಲಗಿರುವಂತೆ ಒಂದು ಅಪ್ಪಣೆ ಹೊರಡಿಸಬಹುದಿತ್ತು. ಅದೂ ಆಗದಿದ್ದರೆ, ತಾವೇ ಖುದ್ದಾಗಿ ಬಂದು ಹೊದಿಕೆಯ ಇನ್ನೊಂದು ತುದಿ ಹಿಡಿದು ಹಿಂಡಿಕೊಡಬಹುದು. ಹೇಗೂ ಕೆಳಗೆ ಇಳಿದಿದ್ದೀರಿ, ಬಗ್ಗುವ ಶ್ರಮವಿರುವುದಿಲ್ಲ.

ಬಾಯಿ ಮುಚ್ಚಿಕೊಂಡು ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಬಟ್ಟೆ ಒಗೆಯುವ ಅಂಗಡಿಯ ಹಿರಿಯಳು

ವಿ.ಸೂ.: ಈ ಪತ್ರ ಮಡಿಸುವಷ್ಟರಲ್ಲಿ, ನನ್ನನ್ನು ಬೇಡವೆಂದು ಕಳಿಸಿದ ಅದೇ ಬ್ಯಾಂಕಿನಿಂದ, ‘ತಮಗಾಗಿಯೇ ವಿಶೇಷ ಕಾರ್ಡ್ ಕಾದಿದೆ, ಈಗಲೇ ಅರ್ಜಿ ಹಾಕಿ’ ಎಂಬ ಸಂದೇಶ ಫೋನಿಗೆ ಬಂದಿದೆ. ನಾನು ಹಾಕಿದರೆ ತಾವು ಮತ್ತೆ ಇಳಿಯುತ್ತೀರಿ. ಸಾಕ್ಷಾತ್ ದೇವರ ಹೆಸರಿನಲ್ಲಾದರೂ ಹಾಕಬಹುದೇ ಎಂದು ಬ್ಯಾಂಕಿಗೆ ಫೋನ್ ಮಾಡಿ ವಿಚಾರಿಸಿದೆ: ಅವನು ಈವರೆಗೆ ಯಾರಲ್ಲೂ ಸಾಲ ಮಾಡಿ ತೀರಿಸಿಲ್ಲವಾದ್ದರಿಂದ, ಅವನನ್ನು ನಂಬಲು ಆಧಾರವಿಲ್ಲವಂತೆ.