ಇಪ್ಪತ್ತರ ಅಂತರ

ಅನರ್ಥಕ್ಕೆ ಮೂಲ ಒಂದು ಚೀಟಿ. ಬೆಳಿಗ್ಗೆ ದರ್ಜಿಯ ಮನೆಗೆ ವೈಫೈ ಪೆಟ್ಟಿಗೆ ಕೂರಿಸಿದ ಮೆಕ್ಯಾನಿಕ್ ಅದನ್ನು ಮೇಜಿನ ಮೇಲೆ ಬಿಟ್ಟುಹೋಗಿದ್ದ. ರೇಡಿಯೊ ತರಂಗಗಳ ಸುರಕ್ಷಿತ ಮಿತಿ ಮೀರದಂತೆ ಈ ಉಪಕರಣವನ್ನು ಮನುಷ್ಯರ ದೇಹದಿಂದ ಕನಿಷ್ಠ ಇಪ್ಪತ್ತು ಸೆಂಟಿಮೀಟರ್ ದೂರವಿಡಬೇಕೆಂದು ಅದರಲ್ಲಿ ಬರೆದಿತ್ತು.

ದರ್ಜಿ ಹೊಲಿಯುತ್ತಿದ್ದುದು ಮನೆಯ ಮುಂದಿನ ಕೋಣೆಯಲ್ಲಿ. ನಡುವೆ ಬಟ್ಟೆ ಕತ್ತರಿಸುವ ಮೇಜು. ಅದಕ್ಕೂ ಗೋಡೆಗೂ ನಡುವೆ, ಎರಡೂ ಬದಿಯಲ್ಲಿ, ಒಂದು ತೊಟ್ಟಿಲು ಬಿಗಿಯಾಗಿ ಹಿಡಿಯುವಷ್ಟೇ ಜಾಗ. ಎಡಬದಿಯಲ್ಲಿ ಏಳು ತಿಂಗಳ ಮಗಳು ಮಲಗಿದ್ದಳು. ಅವಳ ಮೇಲ್ಗಡೆಯ ಹಲಗೆಯಲ್ಲಿ ಹೊಸ ಪೆಟ್ಟಿಗೆ ಹಸಿರು ಕಣ್ಣು ಮಿಟುಕಿಸುತ್ತಿತ್ತು.

ದರ್ಜಿ ಕೊರಳಿನ ಟೇಪು ತೆಗೆದು ಮಗುವಿನ ನೆತ್ತಿಯಿಂದ ಪೆಟ್ಟಿಗೆಯವರೆಗೆ ಹಿಡಿದ. ಹದಿನಾರು.

ಎದೆ ಮೂವತ್ತೆಂಟು, ಸೊಂಟ ಮೂವತ್ತನಾಲ್ಕು ಎಂದು ಹದಿನೆಂಟು ವರ್ಷ ಬರೆದುಕೊಂಡವನಿಗೆ ಸಂಖ್ಯೆಯೆಂದರೆ ಇಂಚು. ಟೇಪಿಗೆ ಇನ್ನೊಂದು ಮಗ್ಗುಲಿದೆ ಎಂಬುದೇ ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲಿಲ್ಲ. ಇಪ್ಪತ್ತರಲ್ಲಿ ಹದಿನಾರು ಹೋದರೆ ನಾಲ್ಕು. ಆ ನಾಲ್ಕೂ ಸೂಜಿಗಳಾಗಿ ಅವನ ಎದೆಗೆ ನಾಟಿದವು.

"ರೀ, ಪೆಟ್ಟಿಗೇನ ಸ್ವಲ್ಪ ಮೇಲಕ್ಕೆ ಏರಿಸಿ" ಎಂದಳು ಹೆಂಡತಿ.

"ಹೆಂಗೆ ಏರಿಸ್ಲಿ? ಪುಣ್ಯಾತ್ಮ ವೈರು ಅಳೆದು ಕತ್ತರಿಸಿದ್ದಾನೆ."

ತೊಟ್ಟಿಲನ್ನೇ ಬಲಬದಿಗೆ ಸಾಗಿಸಬೇಕಾಯಿತು. ಮೇಜು ದಾಟಿಸಲು ಅದನ್ನು ಹೊರಗೆ ತಂದು ತಿರುಗಿಸುವಷ್ಟರಲ್ಲಿ ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಎಡಮನೆಯಲ್ಲಿ ನಿವೃತ್ತ ಟಿಕೆಟ್ ಕಲೆಕ್ಟರರು. ಬಲಮನೆಯಲ್ಲಿ ಬೇಕರಿ ಅಕ್ಕ.

"ಏನು ಟೈಲರಣ್ಣ, ಮನೆ ಖಾಲಿ ಮಾಡ್ತಿದ್ದೀರಾ?" ಎಂದಳು ಅಕ್ಕ.

ದರ್ಜಿ ಚೀಟಿಯನ್ನು ಮಡಚಿ ಜೇಬಿಗಿಟ್ಟು, ಇಪ್ಪತ್ತು ಇಂಚಿನ ವಿಷಯವನ್ನು ವಿವರಿಸಿದ. ಕಲೆಕ್ಟರರು ಟಿಕೆಟ್ಟಿಲ್ಲದ ಪ್ರಯಾಣಿಕನನ್ನು ನೋಡುವಂತೆ ಅವನನ್ನು ನೋಡಿ, "ನಮ್ಮನೇದೂ ಮಂಚದ ತಲೆಗಡೇನೇ ಇದೆಯಲ್ರೀ. ಬಂದು ಅಳೀರಿ" ಎಂದರು.

ಅಲ್ಲಿ ಹದಿನೈದು. ಅಕ್ಕನ ಮನೆಯಲ್ಲಿ ಹನ್ನೊಂದು.

"ಅದಕ್ಕೇ ನನಗೆ ಬೆಳಗಾಗೆದ್ರೆ ತಲೆನೋವು" ಎಂದಳು ಅಕ್ಕ.

"ಮೂರು ಗಂಟೆಗೇ ಎದ್ದು ಒಲೆ ಮುಂದೆ ನಿಂತ್ರೆ ಇನ್ನೇನು ಬರುತ್ತಮ್ಮ" ಎಂದರು ಕಲೆಕ್ಟರರು. ಆದರೂ ಇಬ್ಬರೂ ಸುತ್ತಿಗೆ ಹುಡುಕಿದರು. ದರ್ಜಿ ಇಬ್ಬರಿಗೂ ತಪ್ಪದೆ ಹೇಳಿಕೊಟ್ಟ: "ಮಂಚದಿಂದ ಎಷ್ಟು ದೂರ ಆಗುತ್ತೋ ಅಷ್ಟು ದೂರ ಹಾಕಿ."

ಮಧ್ಯಾಹ್ನವೆಲ್ಲ ಎರಡೂ ಕಡೆ ಮೊಳೆ ಬಡಿಯುವ ಸದ್ದು. ಮಗು ಬೆಚ್ಚಿ ಅತ್ತಾಗಲೆಲ್ಲ ದರ್ಜಿ ತೊಟ್ಟಿಲು ತೂಗುತ್ತ, ಪರೋಪಕಾರ ಮಾಡಿದ ಸಮಾಧಾನದಿಂದ ಕಾಜಾ ಹೊಲಿದ. ಆದರೂ ಗಳಿಗೆಗೊಮ್ಮೆ ಎದ್ದು ಅಳೆಯುತ್ತಿದ್ದ.

ಸಂಜೆ ರುಜು ಹಾಕಿಸಿಕೊಳ್ಳಲು ಬಂದ ಮೆಕ್ಯಾನಿಕ್ ಕೇಳಿದ: "ತೊಟ್ಟಿಲು ಯಾಕೆ ಆ ಕಡೆ ಹೋಯ್ತು?"

"ಹದಿನಾರೇ ಇತ್ತಪ್ಪ. ಇಪ್ಪತ್ತು ಬೇಕಲ್ಲ."

ಮೆಕ್ಯಾನಿಕ್ ಟೇಪನ್ನು ನೋಡಿದ, ನಗು ತಡೆದುಕೊಂಡ. "ಸ್ವಾಮಿ, ಇಪ್ಪತ್ತು ಸೆಂಟಿಮೀಟರ್ ಅಂದ್ರೆ ಎಂಟು ಇಂಚು. ನಿಮ್ಮದು ಅದರ ಎರಡರಷ್ಟಿತ್ತು. ಆ ಎಂಟನ್ನೂ ಹೆಚ್ಚಿಗೇನೇ ಇಟ್ಟು ಬರೆದಿರ್ತಾರೆ. ಹಾಯಾಗಿ ಮಲಗಿ."

ಹೆಂಡತಿ ಗಂಡನ ಕಡೆ ಒಂದು ನೋಟ ಬೀರಿದಳು. ಅವನಿಗೆ ನಾಚಿಕೆಗಿಂತ ನೆಮ್ಮದಿಯೇ ಹೆಚ್ಚಾಯಿತು. ತೊಟ್ಟಿಲಿಗೆ ಕೈಹಾಕಿದವನು, ಹಾಸಿಗೆಯ ಮೇಲೆ ಉದುರಿದ್ದ ಸುಣ್ಣದ ಪುಡಿಯನ್ನು ಕಂಡು ನಿಂತ. ಗೋಡೆಯ ಆಚೆ ಬದಿಯಿಂದ ಮೊಳೆಯ ತುದಿ ಈಚೆ ಇಣುಕುತ್ತಿತ್ತು, ಮಗುವಿನ ತಲೆಗೆ ನೇರವಾಗಿ.

"ಅಕ್ಕಾ, ನಿಮ್ಮ ಪೆಟ್ಟಿಗೆ ಎಲ್ಲಿ ಹಾಕಿದ್ರಿ?" ಎಂದು ದರ್ಜಿ ಗೋಡೆಯಾಚೆಗೆ ಕೂಗಿದ.

"ನೀವು ಹೇಳಿದ ಹಾಗೇ ಅಣ್ಣ. ಮಂಚದಿಂದ ದೂರ, ನಿಮ್ಮ ಗೋಡೆಗೆ."

ಗೋಡೆ ನಾಲ್ಕು ಇಂಚು, ಗೋಡೆಯಿಂದ ಮಗು ಎರಡು. ಒಟ್ಟು ಆರು. ಈಗ ನಿಜವಾಗಿಯೂ ಎಂಟಕ್ಕೆ ಎರಡು ಕಡಿಮೆ. ದರ್ಜಿ ಎಡಗೋಡೆಗೆ ಓಡಿದ. ಅಲ್ಲಿಯೂ ಸುಣ್ಣ ಉದುರಿತ್ತು. ತೊಟ್ಟಿಲನ್ನು ಅಲ್ಲಿಗೆ ತಂದರೆ ಏಳು. ಎಂಟಕ್ಕೆ ಒಂದು ಕಡಿಮೆ.

ಅವನು ಎರಡೂ ಬಾಗಿಲು ತಟ್ಟಿ, ತಪ್ಪೊಪ್ಪಿಕೊಂಡು, ಎಂಟೇ ಇಂಚು ಸಾಕೆಂದು ಕೈಮುಗಿದ.

"ಬೆಳಿಗ್ಗೆ ಇಪ್ಪತ್ತು ಅಂದ್ರಿ, ಸಂಜೆಗೆ ಎಂಟು ಅಂತೀರಿ" ಎಂದರು ಕಲೆಕ್ಟರರು. "ಊಟದ ಹೊತ್ತಿಗೆ ಸೊನ್ನೆ ಮಾಡ್ತೀರೇನೋ. ನಾನು ಇಪ್ಪತ್ತಕ್ಕೇ ನಿಲ್ತೀನಿ."

"ನನಗಂತೂ ಆಗಲೇ ತಲೆನೋವು ಇಳಿದಿದೆ ಅಣ್ಣ" ಎಂದಳು ಅಕ್ಕ, ಬಾಗಿಲು ಮುಂದಕ್ಕೆ ತಳ್ಳುತ್ತ.

"ಆರು ಇಂಚಾದ್ರೂ ಏನೂ ಆಗಲ್ಲ ಸ್ವಾಮಿ, ನಡುವೆ ಗೋಡೆ ಇದೆ" ಎಂದು ಮೆಕ್ಯಾನಿಕ್ ಎಷ್ಟು ಹೇಳಿದರೂ ದರ್ಜಿಯ ಕಿವಿಗೆ ಬೀಳಲಿಲ್ಲ. ಮೂರೂ ಪೆಟ್ಟಿಗೆಗಳಿಂದ ಅಳೆದು, ಕೂಡಿ ಕಳೆದು, ಅವನು ಕೋಣೆಯ ನಟ್ಟನಡುವೆ ನಿರಪಾಯವಾದ ಒಂದೇ ಸ್ಥಳವನ್ನು ಕಂಡುಹಿಡಿದ.

ಸ್ವಲ್ಪ ಹೊತ್ತಿಗೆ ಗಿರಾಕಿಯೊಬ್ಬ ಬಂದು, "ನನ್ನ ಕೋಟಿನ ಬಟ್ಟೆ ಕತ್ತರಿಸಿದ್ರಾ?" ಎಂದು ಕೇಳಿದ.

ದರ್ಜಿ ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದ: "ಮೆತ್ತಗೆ ಮಾತಾಡಿ ಸಾರ್. ಮೇಜು ಇನ್ನೂ ಎದ್ದಿಲ್ಲ."